ಬಾಣಂತಿ ಕೋಣೆಯ ಕೆಂಪು ಕಂದೀಲು

ನಮ್ಮ ಮನೆಯಲ್ಲಿ ಹುಟ್ಟಿದವರೆಲ್ಲ ಹುಟ್ಟಿದ್ದು ಒಂದೇ ಕೋಣೆಯಲ್ಲಿ. ಪಡಸಾಲೆ ದಾಟಿ, ಅಡುಗೆಮನೆಯ ಎಡಕ್ಕೆ ಎರಡು ಮೆಟ್ಟಿಲು ಇಳಿದರೆ ಅದು ಸಿಗುತ್ತಿತ್ತು. ಕಿಟಕಿ ಇಲ್ಲ, ಬೆಳಕಿಂಡಿ ಇಲ್ಲ. ಬೀದರಿನ ಕೆಂಪು ತೂತುಗಲ್ಲಿನ ಗೋಡೆ, ಒಂದೊಂದೂ ಎರಡು ಮೊಳ ದಪ್ಪ. ಬಾಗಿಲು ಹಾಕಿಕೊಂಡರೆ ನಡು ಮಧ್ಯಾಹ್ನದಲ್ಲೂ ನಮ್ಮ ಕೈ ನಮಗೆ ಕಾಣುತ್ತಿರಲಿಲ್ಲ. ಅಪ್ಪ ಹುಟ್ಟಿದ್ದು ಅಲ್ಲಿ, ಅಪ್ಪನ ತಮ್ಮ ಶಾಂತಪ್ಪ ಕಾಕಾ ಹುಟ್ಟಿದ್ದು ಅಲ್ಲಿ, ಭಾಲ್ಕಿಗೆ ಕೊಟ್ಟ ಅತ್ತೆ ಹೆರಿಗೆಗೆ ಬಂದು ಎರಡು ಗಂಡುಮಕ್ಕಳನ್ನು ಹೆತ್ತದ್ದೂ ಅಲ್ಲಿ. ನಾನೂ ಅಲ್ಲೇ ಕಣ್ಣು ಬಿಟ್ಟವಳು. ಬಿಟ್ಟು ಏನು ನೋಡಿದೆನೋ ಆ ಕತ್ತಲಲ್ಲಿ, ಶಿವನೇ ಬಲ್ಲ. ಬಾಣಂತಿ ಇಲ್ಲದ ದಿನಗಳಲ್ಲಿ ಅಲ್ಲಿ ಜೋಳದ ಚೀಲ, ಉಪ್ಪಿನಕಾಯಿ ಭರಣಿ, ಹಳೆಯ ತೊಟ್ಟಿಲು ಇರುತ್ತಿದ್ದವು. ಅಜಿವಾನದ ಹೊಗೆಯ ವಾಸನೆ ಆ ಗೋಡೆಗಳನ್ನು ಬಿಟ್ಟು ಎಂದೂ ಹೋಗಲಿಲ್ಲ.

ಶಾಂತಪ್ಪ ಕಾಕಾ ಹೈದರಾಬಾದಿನಲ್ಲಿ ನಾಲ್ಕು ವರ್ಷ ಇದ್ದು, ಫೋಟೋ ತೆಗೆಯುವ ವಿದ್ಯೆ ಕಲಿತು, ಮೂರು ಕಾಲಿನ ಒಂದು ಕ್ಯಾಮೆರಾ ಹೊತ್ತುಕೊಂಡು ಮನೆಗೆ ಬಂದಾಗ ಅವನ ಕಣ್ಣು ಮೊದಲು ಬಿದ್ದದ್ದು ಈ ಕೋಣೆಯ ಮೇಲೆ. ಆಗ ಫೋಟೋ ಮೂಡುತ್ತಿದ್ದದ್ದು ಗಾಜಿನ ಹಲಗೆಯ ಮೇಲೆ. ನಮ್ಮ ಮನೆಯಲ್ಲಿ ಅದಕ್ಕೆ ಕಾಚು ಅಂತಲೇ ಹೆಸರು. ಕಾಚಿಗೆ ಬೆಳಕು ತಾಗಿದರೆ ಕೆಟ್ಟೇ ಹೋಯಿತು. ಅದನ್ನು ಔಷಧದ ನೀರಿನಲ್ಲಿ ತೊಳೆದು ಚಿತ್ರ ಏಳಿಸುವುದಕ್ಕೆ ಕಗ್ಗತ್ತಲೆ ಬೇಕು. ಬೀದರಿನ ಪೂರಾ ಪೇಟೆ ಹುಡುಕಿದರೂ ನಮ್ಮ ಬಾಣಂತಿ ಕೋಣೆಯಂಥ ಕತ್ತಲೆ ಸಿಗಲಿಕ್ಕಿಲ್ಲ ಎಂದು ಕಾಕಾನ ವಾದ. ಮನೆಯ ಯಜಮಾನಿಕೆ ಅಪ್ಪನ ತಾಯಿಯದು, ನಾವು ಮಕ್ಕಳು ಆಯಿ ಎನ್ನುತ್ತಿದ್ದವಳದು. ಆಯಿ ಒಂದು ಕರಾರಿನ ಮೇಲೆ ಒಪ್ಪಿದಳು.

"ಹೆರಿಗಿ ಬಂತಂದ್ರ ನಿನ್ನ ತಬಕು ಬಾಟ್ಲಿ ಎಲ್ಲಾ ಅಂಗಳಕ್ಕ. ಮೊದಲು ಕೂಸು, ಆಮ್ಯಾಲ ನಿನ್ನ ಕಾಚು."

ಹಾಗೆ ತೊಟ್ಟಿಲಿನ ಪಕ್ಕ ಕಾಚು ತೊಳೆಯುವ ಮೂರು ಚೀನಿ ತಬಕುಗಳು ಬಂದು ಕೂತವು, ಭರಣಿಗಳ ನಡುವೆ ಔಷಧದ ಬಾಟ್ಲಿಗಳು ನಿಂತವು, ಗೂಡಿನಲ್ಲಿ ಕೆಂಪು ಗಾಜಿನ ಕಂದೀಲು ಬಂತು. ಪಕ್ಕದ ಮನೆಯ ಬಿದರಿ ಕಾರೀಗರ ಇಮಾಮಸಾಬ ತನ್ನ ಕೈಯಾರೆ ತಗಡು ಬಗ್ಗಿಸಿ, ಎಲ್ಲೂ ಬಿಳಿ ಬೆಳಕು ಸೋರದಂತೆ ಮಾಡಿಕೊಟ್ಟ ಕಂದೀಲು ಅದು. ಬೇರೆ ಬೆಳಕೆಲ್ಲ ಕಾಚಿಗೆ ಹಗೆ, ಕೆಂಪೊಂದು ಮಾತ್ರ ಸ್ನೇಹ.

ಕಾಕಾನಿಗೆ ವಿದ್ಯೆ ಇತ್ತು, ತಾಳ್ಮೆ ಇರಲಿಲ್ಲ. ಔಷಧದಲ್ಲಿ ಕಾಚು ಇಟ್ಟು ಕಾಯುವಷ್ಟರಲ್ಲಿ ಅವನಿಗೆ ಅಂಗೈ ತುರಿಸುತ್ತಿತ್ತು, ಬೀಡಿ ನೆನಪಾಗುತ್ತಿತ್ತು. ಹೀಗಾಗಿ ತೊಳೆಯುವ ಕೆಲಸ ಮೆಲ್ಲಗೆ ಚಿಗವ್ವನ ಕೈಗೆ ಬಂತು. ಚಿಗವ್ವ ಎಂದರೆ ಕಾಕಾನ ಹೆಂಡತಿ, ಔರಾದ ಕಡೆ ಠಾಣಾ ಕುಶನೂರಿನವಳು, ತಾಯಿ ಇಲ್ಲದೆ ಬೆಳೆದವಳು. ಅವಳಿಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ. ಬಂದಿದ್ದರೂ ಆ ಕತ್ತಲಲ್ಲಿ ಯಾವ ಗಡಿಯಾರ ಕಾಣಬೇಕು? ಅವಳು ತಬಕನ್ನು ತೊಟ್ಟಿಲಿನಂತೆ ಮೆಲ್ಲಗೆ ತೂಗುತ್ತ, ಬಾಯಲ್ಲಿ ಶಿವಾಯ ನಮಃ ಎನ್ನುತ್ತ, ಬೆರಳ ಗೆಣ್ಣಿನ ಮೇಲೆ ಎಣಿಸುತ್ತಿದ್ದಳು. ನೂರೆಂಟು ಆದರೆ ಮುಖಗಳು ಏಳುತ್ತವೆ, ಇನ್ನೂ ನೂರೆಂಟು ಆದರೆ ಬಟ್ಟೆಯ ನೆರಿಗೆ ಏಳುತ್ತವೆ, ಮೇಲೆ ಒಂದು ಎಣಿಸಿದರೂ ಕೆಟ್ಟಿತು. ಬೀದರಿನಲ್ಲಿ ಆಗ ಕಾಕಾ ತೆಗೆದ ಎಷ್ಟೋ ಮದುವೆಯ ಫೋಟೋಗಳು, ಕರೀ ಶೇರ್ವಾನಿಯ ಸಾಹೇಬರ ಫೋಟೋಗಳು ಇದ್ದವು. ಅವೆಲ್ಲ ಚಿಗವ್ವನ ಮಂತ್ರದಿಂದ ಎದ್ದವು ಎಂಬುದು ಅವರಾರಿಗೂ ಗೊತ್ತಿರಲಿಲ್ಲ. ಹೇಳುವ ರೂಢಿಯೂ ನಮ್ಮಲ್ಲಿ ಇರಲಿಲ್ಲ.

ಚಿಗವ್ವನಿಗೆ ಮೊದಲಿನ ಎರಡು ಬಸಿರು ನಿಂತಿರಲಿಲ್ಲ. ಮೂರನೆಯದು ಏಳನೇ ತಿಂಗಳು ಮುಟ್ಟಿತ್ತು. ಮನೆಯಲ್ಲಿ ಯಾರೂ ಜೋರಾಗಿ ಮಾತಾಡದಿದ್ದರೂ ಒಂದು ಮಾತು ಎಲ್ಲರಿಗೂ ಗೊತ್ತಿತ್ತು: ಈ ಸಲವೂ ಏನಾದರೂ ಹೆಚ್ಚುಕಡಿಮೆ ಆದರೆ ಕಾಕಾನಿಗೆ ಇನ್ನೊಂದು ಮದುವೆ. ಭಾಲ್ಕಿ ಅತ್ತೆ ತನ್ನ ಗಂಡನ ಕಡೆಯ ಒಂದು ಹುಡುಗಿಯನ್ನು ನೋಡಿಯೂ ಇಟ್ಟಿದ್ದಳು. ಬಂದಾಗಲೆಲ್ಲ ಆ ಹುಡುಗಿ ತಟ್ಟುವ ರೊಟ್ಟಿಯ ತೆಳುವನ್ನು ಹೊಗಳಿ ಹೊಗಳಿ, ಚಿಗವ್ವನ ಮುಖ ನೋಡಿ, ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ನನಗೆ ಹತ್ತು ವರ್ಷ. ಅತ್ತೆಯ ಮೇಲೆ ನನಗೆ ಎಂಥ ಸಿಟ್ಟು ಇತ್ತೆಂದರೆ, ಇಂದಿಗೂ ತೆಳ್ಳಗಿನ ರೊಟ್ಟಿ ಕಂಡರೆ ನನಗೆ ಹಿಡಿಸುವುದಿಲ್ಲ.

ಹೀಗಿರುವಾಗ ಪಂಚಾಂಗ ಓದುವ ಅಯ್ಯನವರು ಬಂದು, ಬರುವ ಹುಣ್ಣಿಮೆಗೆ ಚಂದ್ರಗ್ರಹಣ ಇದೆ, ಚಂದ್ರ ಹುಟ್ಟುವಾಗಲೇ ಪೂರಾ ಹಿಡಿದುಕೊಂಡೇ ಹುಟ್ಟುತ್ತಾನೆ, ದೀಪ ಹಚ್ಚಿ ಸ್ವಲ್ಪ ಹೊತ್ತಿಗೆ ಬಿಡಲು ಶುರುವಾಗುತ್ತದೆ ಎಂದು ಹೇಳಿ ಹೋದರು. ಕಾಕಾನಿಗೆ ಹುಚ್ಚೇ ಹಿಡಿಯಿತು. ನಮ್ಮ ಮನೆ ಇದ್ದದ್ದು ಊರಿನ ಮೂಡಣ ಅಂಚಿಗೆ. ಹಿತ್ತಲು ಮುಗಿದಲ್ಲಿ ನೆಲವೇ ಮುಗಿಯುತ್ತಿತ್ತು. ಗುಡ್ಡ ಒಮ್ಮೆಲೇ ಕೆಳಗೆ ಇಳಿದು, ಅಷ್ಟೂರಿನ ಗುಮ್ಮಟಗಳು ಬೋರಲು ಹಾಕಿದ ಬಟ್ಟಲುಗಳಂತೆ ಕಾಣುತ್ತಿದ್ದವು, ಅವುಗಳ ಆಚೆ ದಿಬ್ಬ, ದಿಬ್ಬದ ಆಚೆ ನೀಲಿ ಗುಡ್ಡಗಳ ಸಾಲು. ಚಂದ್ರ ಏಳುವುದು ಆ ಸಾಲಿನ ಮೇಲೆಯೇ. ಗುಡ್ಡ, ಗುಮ್ಮಟ, ಮೇಲೆ ಹಿಡಿದ ಚಂದ್ರ, ಮೂರನ್ನೂ ಒಂದೇ ಕಾಚಿನಲ್ಲಿ ಕೂರಿಸಿ ತೋರಿಸುತ್ತೇನೆ ಎಂದು ಕಾಕಾ ಪೇಟೆಯಲ್ಲೆಲ್ಲ ಹೇಳಿಕೊಂಡು ಬಂದ. ಪೇಟೆಯವರು ನಕ್ಕರು. ಕೈಯಲ್ಲಿದ್ದದ್ದು ನಾಲ್ಕೇ ಕಾಚು.

ನಮ್ಮದು ಬಸವಣ್ಣನವರನ್ನು ನಂಬಿದ ಮನೆ. ಲಿಂಗ ಕಟ್ಟಿಕೊಂಡವರಿಗೆ ಸೂತಕವಿಲ್ಲ, ಗ್ರಹಣವೂ ಇಲ್ಲ ಎಂದು ಅಪ್ಪನ ಖಡಾಖಂಡಿತ ಮತ. ಪ್ರತಿ ಗ್ರಹಣಕ್ಕೂ ಸರಿಯಾಗಿ ಅದೇ ಹೊತ್ತಿಗೆ ಪಡಸಾಲೆಯ ನಡುವೆ ಕೂತು, ಪುಂಡಿ ಪಲ್ಲೆ, ಶೇಂಗಾ ಹಿಂಡಿ ಹಾಕಿಸಿಕೊಂಡು, ಬಾಯಿ ಸಪ್ಪಳ ಮಾಡಿ ರೊಟ್ಟಿ ತಿನ್ನುತ್ತಿದ್ದ. ಆಯಿಯದು ಬೇರೆ ದಾರಿ. ಅವಳು ಅಪ್ಪನ ಮಾತು ಅಲ್ಲಗಳೆಯುತ್ತಿರಲಿಲ್ಲ, ಕೇಳುತ್ತಲೂ ಇರಲಿಲ್ಲ. ಚಿಗವ್ವನನ್ನು ಗ್ರಹಣ ಮುಗಿಯುವವರೆಗೆ ಕತ್ತಲ ಕೋಣೆಯಲ್ಲಿ ಮಲಗಿಸಬೇಕು ಎಂದು ಅವಳು ಹೇಳಿದ ದಿನ ಇಬ್ಬರಿಗೂ ಜಟಾಪಟಿ ಆಯಿತು.

"ನಮಗ ಸೂತಕ ಇಲ್ಲ ಅಂತ ಶರಣರು ಹೇಳ್ಯಾರವ್ವಾ. ಮತ್ತ ಇದೆಂಥಾ ಮೌಢ್ಯ?"

"ಖರೆ ಅದಪ್ಪಾ. ನನಗಿಲ್ಲ, ನಿನಗಿಲ್ಲ, ಅಕಿಗೂ ಇಲ್ಲ. ಹೊಟ್ಯಾಗಿನದಕ್ಕ ಇನ್ನಾ ಲಿಂಗ ಕಟ್ಟಿಲ್ಲಲ್ಲಾ? ಎಂಟನೇ ತಿಂಗಳಿಗಿ ಕಟ್ತೇವಿ. ಅಲ್ಲೀತನಾ ಅದನ್ನ ಕಾಯೂದು ನನ್ನ ಕೆಲಸ."

ಬಸುರಿಯ ಎಂಟನೇ ತಿಂಗಳಲ್ಲಿ ಹೊಟ್ಟೆಯ ಕೂಸಿನ ಹೆಸರಲ್ಲಿ ಲಿಂಗ ಕಟ್ಟುವುದು ನಮ್ಮಲ್ಲಿ ಪದ್ಧತಿ. ಅದಕ್ಕಿನ್ನೂ ಮೂರು ವಾರ ಇತ್ತು. ಶಾಸ್ತ್ರಕ್ಕೆ ಶಾಸ್ತ್ರ ಹಚ್ಚಿ ಕೂರಿಸಿದ್ದಳು ನನ್ನ ಆಯಿ. ಕಾಕಾ ಗೊಣಗಿದ, ನನ್ನ ತಬಕು ಅಲ್ಲಿವೆ ಎಂದ. ಇರಲಿ, ಕಾಚು ನಾಳೆ ತೊಳಿ, ಚಂದ್ರ ಎಲ್ಲಿಗೂ ಓಡಿ ಹೋಗುವುದಿಲ್ಲ ಎಂದಳು ಆಯಿ. ಚಿಗವ್ವನನ್ನು ಯಾರೂ ಕೇಳಲಿಲ್ಲ.

ಗ್ರಹಣದ ದಿನ ಮಧ್ಯಾಹ್ನ ಆಯಿ ನನ್ನನ್ನು ಹಿಂದೆ ಕರೆದುಕೊಂಡು ಮನೆ ತುಂಬ ಅಡ್ಡಾಡಿದಳು. ನನ್ನ ಕೈಯಲ್ಲಿ ವಿಭೂತಿ ಗಟ್ಟಿ. ಹಂಡೆ, ಕೊಡ, ಗಡಿಗೆ, ಮಜ್ಜಿಗೆಯ ಮಗೆ, ನೀರು ನಿಂತ ಯಾವ ಪಾತ್ರೆಯನ್ನೂ ಬಿಡದೆ ಒಂದೊಂದು ಚಿಟಿಕೆ ಉಜ್ಜಿ ಉದುರಿಸಿದಳು. ಬಾಣಂತಿ ಕೋಣೆಗೂ ಬಂದೆವು. ಕಾಕಾ ಮುಂಜಾನೆಯೇ ಔಷಧ ಕಲಸಿ ತಬಕುಗಳಿಗೆ ತುಂಬಿ, ಮೇಲೆ ಅರಿವೆ ಮುಚ್ಚಿ ಹೋಗಿದ್ದ. ಆಯಿ ಅರಿವೆ ಎತ್ತಿ ನೋಡಿ, ಇದೂ ನೀರೇ ಎಂದು, ಮೂರಕ್ಕೂ ಚಿಟಿಕೆ ಚಿಟಿಕೆ ಹಾಕಿದಳು. ನಾನು ಗಟ್ಟಿ ಹಿಡಿದುಕೊಂಡು ನಿಂತಿದ್ದೆ. ತಡೆಯಬೇಕು ಎಂದು ನನಗೆ ಹೊಳೆಯಲೇ ಇಲ್ಲ. ವಿಭೂತಿಯಿಂದ ಯಾವುದಾದರೂ ಕೆಡುತ್ತದೆ ಎಂದು ನಮ್ಮ ಮನೆಯ ಹುಡುಗಿಗೆ ಹೇಗೆ ಹೊಳೆಯಬೇಕು?

ಸಂಜೆ ಬಿಸಿಲು ಹೋಗುವ ಮೊದಲೇ ಚಾಪೆ ಹಾಸಿ ಚಿಗವ್ವನನ್ನು ಮಲಗಿಸಿದರು. ಮೈ ನೆಟ್ಟಗೆ ಇರಬೇಕು. ಕೈಕಾಲು ಮಡಿಸಬಾರದು, ಕೆರೆದುಕೊಳ್ಳಬಾರದು, ಎಲ್ಲಕ್ಕಿಂತ ಹೆಚ್ಚಾಗಿ ಏನನ್ನೂ ಕತ್ತರಿಸಬಾರದು. ಕತ್ತರಿಸಿದರೆ ಕೂಸಿನ ತುಟಿಯೋ ಕಿವಿಯೋ ಹರಿದೇ ಹುಟ್ಟುತ್ತದೆ. ಇಷ್ಟನ್ನೂ ನೋಡಿಕೊಳ್ಳಲು ಆಯಿ ನನ್ನನ್ನು ಒಳಗೆ ಕೂರಿಸಿದಳು.

"ನೀನೇ ನನ್ನ ಕಣ್ಣು. ಎದ್ಲಂದ್ರ ನನಗ ಕೂಗಿ ಹೇಳು."

ನಾನು ಅಂಜಬಾರದೆಂದು ಕೆಂಪು ಕಂದೀಲನ್ನು ಸಣ್ಣಗೆ ಮಾಡಿ ಬಿಟ್ಟು ಬಾಗಿಲು ಎಳೆದುಕೊಂಡಳು. ಪಡಸಾಲೆಯಲ್ಲಿ ಹಿತ್ತಾಳೆ ಪರಾತದಲ್ಲಿ ನೀರು ಹಾಕಿ, ಅದರ ನಡುವೆ ಒನಕೆ ನಿಲ್ಲಿಸಿದ್ದಳು. ಗ್ರಹಣ ಇರುವಷ್ಟು ಹೊತ್ತು ಒನಕೆ ತಾನೇ ನಿಲ್ಲುತ್ತದೆ, ಬಿಟ್ಟ ಕೂಡಲೇ ಬೀಳುತ್ತದೆ ಎಂಬುದು ಅವಳ ಗಡಿಯಾರ. ಅದರ ಪಕ್ಕ ಅವಳು, ಅವಳ ಎದುರು ರೊಟ್ಟಿ ಮುರಿಯುತ್ತ ಅಪ್ಪ, ಬಡಿಸುತ್ತ ಅವ್ವ.

ಸ್ವಲ್ಪ ಹೊತ್ತಿಗೆ ಹಿತ್ತಲಿನಿಂದ ಕಾಕಾ ನನ್ನನ್ನು ಕೂಗಿದ. ಬೆಳಕು ತಾಗಿದರೆ ಕಾಚು ಕೆಡುತ್ತವೆ, ಕತ್ತಲ ಕೋಣೆಯಲ್ಲಿ ಇಡಬೇಕು ಎಂದು ನೆಪ ಹೇಳಿದ. ಆಯಿ ಬಿಟ್ಟಳು. ಹೋಗಿ ನೋಡುತ್ತೇನೆ, ಗುಡ್ಡದ ಸಾಲಿನಿಂದ ಒಂದು ಗೇಣು ಮೇಲೆ ಚಂದ್ರ ನಿಂತಿದ್ದಾನೆ. ಬೆಳದಿಂಗಳಿಲ್ಲ, ಹೊಳಪಿಲ್ಲ. ಒಲೆಯ ಮೇಲೆ ಮರೆತು ಬಿಟ್ಟ ಹಂಚಿನ ಹಾಗೆ ಕೆಂಪಗೆ, ಮಬ್ಬಾಗಿ. ನನಗೆ ಅಳು ಬಂತು, ಯಾಕೆ ಎಂದು ಈಗಲೂ ಗೊತ್ತಿಲ್ಲ. ಕಾಕಾ ಕ್ಯಾಮೆರಾದ ಕರೀ ಅರಿವೆಯ ಒಳಗಿನಿಂದ ತಲೆ ಹೊರಗೆ ಹಾಕಿ, ಎರಡು ಕಾಚಿನ ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟ. ಬೆವರು ಸುರಿಯುತ್ತಿತ್ತು.

"ಕ್ಯಾಮೆರಾದ ಕಣ್ಣು ಎಷ್ಟು ಹೊತ್ತು ತೆರೀಬೇಕೋ ಅಂದಾಜೇ ಹತ್ತವಲ್ದು ನೀಲಾ. ಇವೆರಡು ಹ್ಯಾಂಗ ಬಂದಾವ ಅಂತ ಈಗ ತಿಳದಿದ್ರ ಉಳದ ಎರಡು ಉಳಸ್ಕೋತಿದ್ದೆ. ನಾ ಬಿಟ್ಟು ಬಂದ್ರ ಚಂದ್ರ ಸರೀತಾನ. ಇರಲಿ, ಒಳಗ ಇಟ್ಟು ಬಾ."

ನಾನು ಒಳಗೆ ಹೋಗಿ ಪೆಟ್ಟಿಗೆ ಇಟ್ಟು, ಅವನ ಮಾತನ್ನು ಚಿಗವ್ವನಿಗೆ ಒಪ್ಪಿಸಿದೆ. ಅವಳು ಒಂದು ಕೈ ಹೊಟ್ಟೆಯ ಮೇಲಿಟ್ಟು, ಇನ್ನೊಂದು ಕೈ ನೆಲಕ್ಕೆ ಊರಿ ಎದ್ದು ಕೂತಳು.

"ಚಿಗವ್ವಾ, ಏಳಬ್ಯಾಡಂತ ಆಯಿ ಹೇಳ್ಯಾಳ."

"ಹೌದು ಮಗಾ. ನೀ ಕೂಗತೀದಿ ಅಂದ್ರ ಕೂಗು. ನಾ ಬೈಯಂಗಿಲ್ಲ."

ನಾನು ಕೂಗಲಿಲ್ಲ. ನನ್ನ ಜೀವನದಲ್ಲಿ ನಾನು ಮಾಡಿದ ಮೊದಲ ತೀರ್ಮಾನ ಅದು, ಧೈರ್ಯದಿಂದ ಮಾಡಿದ್ದಲ್ಲ. ಆ ಕಡೆ ಆಯಿ, ಈ ಕಡೆ ಚಿಗವ್ವ, ನಡುವೆ ನಾನು, ಅಷ್ಟೇ. ಅವಳು ಕಾಚು ತೆಗೆದು ಔಷಧಕ್ಕೆ ಇಳಿಸಿದಳು. ನೀರು ಕದಡಿದೆಯಲ್ಲ ಎಂದಳು. ವಿಭೂತಿಯ ವಿಷಯ ಹೇಳಿದೆ. ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು, ಹೊಸ ಔಷಧ ಕಲಸಲು ಹೊತ್ತಿರಲಿಲ್ಲ. ಎಣಿಕೆ ಶುರುವಾಯಿತು. ಶಿವಾಯ ನಮಃ, ಶಿವಾಯ ನಮಃ. ಅಷ್ಟರಲ್ಲಿ ಕಂದೀಲು ಹೊಗೆಯಾಡಿ ಗಾಜು ಕಪ್ಪಾಯಿತು, ತಬಕಿನೊಳಗಿನದು ಕಾಣದಾಯಿತು. ಚಿಗವ್ವ ತಬಕಿನ ಮೇಲೆ ಅರಿವೆ ಎಳೆದು, ಗೂಡಿಗೆ ಕೈ ಹಾಕಿ ಕತ್ತರಿ ತೆಗೆದುಕೊಂಡಳು. ನಾನು ಅವಳ ಸೀರೆ ಹಿಡಿದೆ. ಅವಳಿಗೂ ಅಂಜಿಕೆ ಇತ್ತು, ಕತ್ತರಿಯ ತುದಿ ಬತ್ತಿಯ ಹತ್ತಿರ ಹೋಗಿ ನಿಂತಿತು. ತಬಕಿನಲ್ಲಿ ಕಾಚು, ಬಾಯಲ್ಲಿ ಅರ್ಧ ಎಣಿಕೆ.

"ಬತ್ತಿ ಕತ್ತರಿಸಿದ್ರ ದೀಪ ಉರೀತದ. ಅಷ್ಟೇ ಆಗ್ತದ," ಎಂದು ತನಗೆ ತಾನೇ ಹೇಳಿಕೊಂಡು, ಕರಕಲು ಬತ್ತಿಯನ್ನು ಚಕ್ಕನೆ ಕತ್ತರಿಸಿದಳು.

ಗಾಜು ಒರೆಸಿ ಮುಚ್ಚಿದಳು, ದೀಪ ಉರಿಯಿತು. ಮೊದಲ ಕಾಚಿನಲ್ಲಿ ಗುಡ್ಡ ಬಂತು, ಗುಮ್ಮಟ ಬಂತು, ಚಂದ್ರ ಇಲ್ಲ. ಎರಡನೆಯದರಲ್ಲೂ ಇಲ್ಲ. ಕಣ್ಣಿಗೆ ಅಷ್ಟು ದೊಡ್ಡದಾಗಿ ಕಂಡ ಚಂದ್ರ ಕಾಚಿನ ಮೇಲೆ ಹುಟ್ಟಿಯೇ ಇರಲಿಲ್ಲ. ಚಿಗವ್ವ ಕಾಚನ್ನು ಕಂದೀಲಿಗೆ ಹಿಡಿದು ಅತ್ತ ಇತ್ತ ತಿರುಗಿಸಿದಳು.

"ನೀ ನೋಡಿ ಬಂದೀದಿಲ್ಲ? ಹ್ಯಾಂಗ ಅದ?"

"ಕೆಂಪಗ ಅದ ಚಿಗವ್ವಾ. ಈ ಕಂದೀಲಿನಂಗೇ ಅದ."

ಅವಳು ಕಂದೀಲು ನೋಡಿದಳು, ಕೈಯಲ್ಲಿನ ಕಾಚು ನೋಡಿದಳು, ಮತ್ತೆ ಕಂದೀಲು ನೋಡಿದಳು. ಆಮೇಲೆ ನನ್ನನ್ನು ಹತ್ತಿರ ಎಳೆದು ಕಿವಿಯಲ್ಲಿ ಹೇಳಿದಳು.

"ಓಡಿ ಹೋಗಿ ನಿಮ್ಮ ಕಾಕಾಗ ಹೇಳು. ಕಾಚಿಗಿ ಕೆಂಪು ಕಾಣಂಗಿಲ್ಲ. ಅದಕ್ಕೇ ತಾನೇ ಇಲ್ಲಿ ಕೆಂಪು ದೀಪ ಇಟ್ಟೇವಿ? ಚಂದ್ರ ಕೆಂಪಗ ಇರೂತನಾ ಎಷ್ಟು ತೆರದ್ರೂ ಏನೂ ಬರಂಗಿಲ್ಲ. ಬಿಡಲಾಕ ಶುರು ಆಗಿ, ಅಂಚಿಗಿ ಬೆಳ್ಳಗ ಉಗುರಿನಷ್ಟು ಕಂಡ್ತಂದ್ರ, ಆವಾಗ ತೆರೀಲಿ."

ಪಡಸಾಲೆ ದಾಟಬೇಕಲ್ಲ. ಒಂದಕ್ಕೆ ಬಂದಿದೆ ಎಂದೆ. ಗ್ರಹಣದಲ್ಲಿ ಒಂದಕ್ಕಾದರೂ ತಡೆದುಕೊಳ್ಳಬಾರದೇ ಎಂದು ಆಯಿ ಗದರಿ, ಮೇಲೆ ನೋಡದೆ ಹೋಗಿ ಬಾ ಎಂದಳು. ಕಾಕಾನಿಗೆ ಹೇಳಿದ್ದೇ ತಡ, ಹಣೆ ಬಡಿದುಕೊಂಡ.

"ಕಲಿಸಿದಾವ ನಾನು, ನೆನಪಾಗಿದ್ದು ಅಕಿಗಿ!"

ಮೂರನೇ ಕಾಚನ್ನು ಆಗಲೇ ತೆರೆಯಲು ಹೊರಟಿದ್ದ, ನಿಲ್ಲಿಸಿದ. ಇಬ್ಬರೂ ಕಾದೆವು. ಕೆಳಗೆ ಅಷ್ಟೂರಿನ ಕಡೆ ಇನ್ನೂ ಸ್ವಲ್ಪ ಬೆಳಕಿತ್ತು. ಇಮಾಮಸಾಬ ಗ್ರಹಣದ ನಮಾಜಿಗೆಂದು ಮಸೀದಿಗೆ ಹೋದದ್ದು ಕಾಣಿಸಿತು. ಆಮೇಲೆ ಚಂದ್ರನ ಎಡ ಅಂಚಿನಲ್ಲಿ, ಕೂಸಿನ ಮೊದಲ ಹಲ್ಲಿನಂತೆ, ಬೆಳ್ಳಗೆ ಒಂದು ಚೂರು ಎದ್ದಿತು. ಕಾಕಾ ಎರಡೂ ಕಾಚು ತೆರೆದ. ಒಂದು ಅಲುಗಾಡಿ ಹೋಯಿತು ಎಂದು ಅವನೇ ಬಿಟ್ಟ. ಇನ್ನೊಂದರ ಪೆಟ್ಟಿಗೆಯನ್ನು ನಾನು ಲಂಗದ ಮಡಿಕೆಯಲ್ಲಿ ಮುಚ್ಚಿಕೊಂಡು ಒಳಗೆ ಒಯ್ದೆ.

ಚಿತ್ರ ಏಳುವುದನ್ನು ನಾನು ಅಲ್ಲಿಯವರೆಗೆ ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಚಿಗವ್ವ ನನ್ನ ಕೈಯನ್ನೂ ತಬಕಿನ ಅಂಚಿಗೆ ಇಡಿಸಿ ತೂಗಿಸಿದಳು. ಎಂಬತ್ತು ಎಣಿಸುವಾಗ ಗುಡ್ಡದ ಗೆರೆ. ತೊಂಬತ್ತಕ್ಕೆ ಗುಮ್ಮಟಗಳು. ನೂರೆಂಟು ಮುಟ್ಟುವ ಮೊದಲೇ ಗುಡ್ಡದ ಮೇಲೆ, ಇಲಿ ಕಚ್ಚಿ ಉಳಿಸಿದ ಜೋಳದ ಕಾಳಿನಷ್ಟು, ಚಂದ್ರ. ಕಾಚಿನ ಮೇಲೆ ಎಲ್ಲ ತಿರುವುಮುರುವು, ಬಿಳಿಯದು ಕಪ್ಪು, ಕಪ್ಪು ಬಿಳಿ. ಆದರೂ ಅದು ಅವನೇ. ಚಿಗವ್ವ ಅಳುತ್ತಿದ್ದಳು, ಎಣಿಕೆ ತಪ್ಪಿಸಲಿಲ್ಲ. ಹೊರಗೆ ಆಯಿ ಅಪ್ಪನಿಗೆ ಹೇಳಿದ್ದು ಕೇಳಿಸಿತು: "ಕೇಳು, ಒಳಗ ನಿನ್ನ ತಮ್ಮನ ಹೇಣ್ತಿ ನಾಮ ಜಪ ಮಾಡ್ಲಾಕತ್ಯಾಳ. ನೀ ಇಲ್ಲಿ ರೊಟ್ಟಿ ಕಡಿ."

ಗ್ರಹಣ ಮುಗಿದು ಒನಕೆ ಬಿತ್ತು. ಓಣಿಯಲ್ಲಿ ಗಿರಾಣ ಬಿಟ್ಟಿತು, ದಾನ ಹಾಕ್ರಿ ಎಂದು ಕೂಗುವವರು ಬಂದರು. ಚಿಗವ್ವ ಹಸಿ ಕಾಚನ್ನು ತೊಟ್ಟಿಲಿನ ಹಿಂದೆ ಗೋಡೆಗೆ ಒರಗಿಸಿ, ಚಾಪೆಯ ಮೇಲೆ ನೆಟ್ಟಗೆ ಮಲಗಿದಳು. ಆಯಿ ಬಂದು ಅವಳ ಹಣೆ ಮುಟ್ಟಿ ನೋಡಿ, ತಬಕುಗಳನ್ನು ಎತ್ತಿ, ಮನೆಯ ಬೇರೆ ನೀರಿನ ಜೊತೆ ಆ ಔಷಧವನ್ನೂ ಹಿತ್ತಲಿಗೆ ಚೆಲ್ಲಿ ಬಂದಳು. ಮೂರೂ ತಬಕನ್ನು ಬೂದಿ ಹಾಕಿ ತಿಕ್ಕಿ, ಹೊಸ ನೀರಿನಲ್ಲಿ ತೊಳೆದು ಬೋರಲು ಹಾಕಿದಳು.

ನಾಲ್ಕು ದಿನಕ್ಕೆ ಕಾಕಾ ಅದರ ಫೋಟೋ ಮಾಡಿ ಕಟ್ಟು ಹಾಕಿಸಿ ಪಡಸಾಲೆಗೆ ತಂದ. ಗುಡ್ಡಗಳು, ಗುಮ್ಮಟಗಳು, ಕಚ್ಚಿದ ಚಂದ್ರ. ಅವನ ಸುತ್ತ ಆಕಾಶದ ತುಂಬ ಸಣ್ಣ ಸಣ್ಣ ಬಿಳಿ ಚುಕ್ಕೆಗಳು. ನೋಡಲು ಅರ್ಧ ಊರೇ ಬಂತು. ನಕ್ಕವರೆಲ್ಲ ಬಾಯಿ ಮುಚ್ಚಿಕೊಂಡು ನೋಡಿದರು. ಚಂದ್ರನ ಜೊತೆ ನಕ್ಷತ್ರಗಳನ್ನೂ ಹಿಡಿದೆಯಾ, ಎಷ್ಟು ಚಿಕ್ಕಿ ಎಂದು ಬೆನ್ನು ತಟ್ಟಿದರು. ಆಯಿ ಎಲ್ಲರೂ ಹೋದ ಮೇಲೆ ಅದನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಇದನ್ನ ಯಾವಾಗ ತೊಳದಿ?"

"ಮರುದಿನ ಮುಂಜಾನಿ, ಹೊಸಾ ಔಷಧ ಕಲಸಿ," ಎಂದ ಕಾಕಾ, ಎಲ್ಲೋ ನೋಡುತ್ತ.

"ಹೂಂ," ಎಂದಳು ಆಯಿ. ಸೆರಗಿನಿಂದ ಗಾಜು ಒರೆಸಿ ಗೂಟಕ್ಕೆ ಹಾಕಿದಳು.

ಆ ದಿನಗಳಿಂದ ನನಗೆ ನಿದ್ದೆ ಸರಿ ಇರಲಿಲ್ಲ. ಎಂಟನೇ ತಿಂಗಳಿಗೆ ಲಿಂಗ ಕಟ್ಟಿದರು. ನನಗೆ ಕಾಣುತ್ತಿದ್ದದ್ದು ಮಾತ್ರ ಕತ್ತರಿಯ ತುದಿ. ಮಳೆ ಹಿಡಿದ ಮೇಲೆ ಅದೇ ಕೋಣೆಯಲ್ಲಿ ಚಿಗವ್ವ ಹೆತ್ತಳು. ಹೆಣ್ಣು, ಗಂಟಲು ಹರಿಯುವಂತೆ ಅಳುವ ಗಟ್ಟಿ ಕೂಸು. ಸೂಲಗಿತ್ತಿ ಒರೆಸುವಾಗ ಎಡ ಕಿವಿಯ ಮೇಲಂಚಿನಲ್ಲಿ, ಕತ್ತರಿಯಿಂದ ಚಿವುಟಿ ತೆಗೆದಂತೆ, ಅಕ್ಕಿಕಾಳಿನಷ್ಟು ಕಚ್ಚು ಕಂಡಿತು. ನಾನು ಹಿತ್ತಲಿಗೆ ಓಡಿದೆ.

ತೊಟ್ಟಿಲು ಹಾಕುವ ದಿನ ಭಾಲ್ಕಿ ಅತ್ತೆ ಬಂದಳು. ಪಡಸಾಲೆಯ ತುಂಬ ಹೆಂಗಸರು, ತಾಟಿನ ತುಂಬ ಗುಗ್ಗರಿ. ಕೂಸನ್ನು ಎತ್ತಿಕೊಂಡವಳೇ ಕುಲಾಯಿ ಸರಿಸಿ ಕಿವಿ ನೋಡಿದಳು.

"ಇದು ಗಿರಾಣದ ಗುರ್ತು. ಇಕಿ ಅವತ್ತು ಏನೋ ಕತ್ತರಿಸ್ಯಾಳ. ನೋಡವ್ವಾ, ಎರಡು ಕಳಕೊಂಡ್ಲು, ಮೂರನೇದಕ್ಕ ಕುಂದು ಹಚ್ಚಿದ್ಲು. ಇಕಿ ಕೈಯಾಗ ನಮ್ಮ ಮನಿ ಬೆಳೀತದೇನು?"

ಚಿಗವ್ವ ಕೋಣೆಯ ಬಾಗಿಲಲ್ಲಿ ಗೋಡೆ ಹಿಡಿದು ನಿಂತಿದ್ದಳು. ಮುಂದಿನ ಮಾತು ಆ ರೊಟ್ಟಿ ತಟ್ಟುವ ಹುಡುಗಿಯದೇ ಎಂದು ಎಲ್ಲರಿಗೂ ಗೊತ್ತು. ಆಯಿ ಗುಗ್ಗರಿ ಹಂಚುವುದನ್ನು ನಿಲ್ಲಿಸಿ, ನನ್ನನ್ನು ನಡುವೆ ಕರೆದಳು.

"ನೀಲಾ, ಅವತ್ತು ಕೋಣ್ಯಾಗ ಇದ್ದಾಕಿ ನೀನೇ. ಎಲ್ಲಾರಿಗೂ ಕೇಳಂಗ ಹೇಳು. ನಿಮ್ಮ ಚಿಗವ್ವ ಎದ್ದಿದ್ಲೇನು? ಏನರೆ ಕತ್ತರಿಸಿದ್ಲೇನು?"

ನಾನು ಆಯಿಯ ಮುಖ ನೋಡಿದೆ. ಅಲ್ಲಿ ಏನೂ ಬರೆದಿರಲಿಲ್ಲ.

"ಇಲ್ಲ ಆಯಿ. ನೆಟ್ಟಗ ಮಲಗಿದ್ಲು. ಶಿವಾಯ ನಮಃ ಅನಕೋತ ಮಲಗಿದ್ಲು."

"ಹಂಗ ಬಾಯಿಲೇ ಅಂದ್ರ ಆಯ್ತೇನು? ಲಿಂಗ ಮುಟ್ಟಿ ಹೇಳಸವ್ವಾ," ಎಂದಳು ಅತ್ತೆ.

ನನ್ನ ಕೈ ಎದೆಯ ಮೇಲಿನ ಲಿಂಗದ ಕಡೆ ತಾನೇ ಹೋಗುತ್ತಿತ್ತು. ಆಯಿ ಆ ಕೈಯನ್ನು ನಡುವೆಯೇ ಹಿಡಿದು, ಅದರಲ್ಲಿ ಒಂದು ಹಿಡಿ ಗುಗ್ಗರಿ ತುಂಬಿದಳು.

"ಕೂಸಿನ ಕಡಿಂದ ಆಣಿ ಮಾಡಸೂದು ನಮ್ಮ ಮನ್ಯಾಗ ಇಲ್ಲ. ನನ್ನ ಮೊಮ್ಮಗಳು ಹೇಳ್ಯಾಳ, ನಾ ಕೇಳೀನಿ. ಇನ್ನ ಈ ಮಾತು ಯಾರ ಬಾಯಾಗರೆ ಬಂತಂದ್ರ ಅದು ನನಗ ಸುಳ್ಳಗಿತ್ತಿ ಅಂದಂಗ. ತಗೀರಿ, ತೊಟ್ಟಿಲ ತೂಗ್ರಿ."

ಆಮೇಲೆ ತನ್ನ ಎಡ ಕಿವಿಯ ಮೇಲಂಚಿನ ಬುಗುಡಿಯನ್ನು ಬಿಚ್ಚಿ, ಕೂಸಿನ ಹಾಸಿಗೆಯ ಮೇಲೆ ಇಟ್ಟಳು. ದೊಡ್ಡವಳಾದ ಮೇಲೆ ಹಾಕಿರಿ ಎಂದಳು. ಆ ಕೂಸು, ನನ್ನ ತಂಗಿ ಶರಣಮ್ಮ, ಅದನ್ನು ಸಾಯುವವರೆಗೂ ಹಾಕಿಕೊಂಡಿದ್ದಳು. ಕಚ್ಚು ಯಾರಿಗೂ ಕಂಡಿಲ್ಲ. ಕಾಕಾನ ಎರಡನೇ ಮದುವೆಯ ಮಾತು ನಮ್ಮ ಮನೆಯಲ್ಲಿ ಮತ್ತೆ ಏಳಲಿಲ್ಲ. ಚಿಗವ್ವ ಮುಂದೆ ಇನ್ನೂ ಇಬ್ಬರನ್ನು ಹೆತ್ತಳು, ಲೆಕ್ಕವಿಲ್ಲದಷ್ಟು ಕಾಚು ತೊಳೆದಳು.

ಸುಳ್ಳು ಹೇಳಿದೆ ಎಂಬ ಭಾರ ಮಾತ್ರ ನನ್ನ ಎದೆಯ ಮೇಲೆ ಐದು ವರ್ಷ ಕೂತಿತ್ತು. ನನ್ನ ಮದುವೆ ಗೊತ್ತಾಗಿ, ಮನೆಗೆ ಸುಣ್ಣ ಹೊಡೆಸುವಾಗ, ಗೂಟದಿಂದ ಆ ಫೋಟೋ ಇಳಿಸಿ ನಾನು ಒರೆಸುತ್ತ ಕೂತಿದ್ದೆ. ಆಯಿಯ ಕಣ್ಣು ಆಗಲೇ ಮಂಜಾಗಿತ್ತು. ಮಾತಿಗೆ ಮಾತು ಎಂದು, ಎಷ್ಟು ಚಿಕ್ಕಿ ನೋಡು ಆಯಿ ಎಂದೆ.

"ಚಿಕ್ಕಿ ಎಲ್ಲಿಂದ ಬಂದ್ವು? ನೀರು ಚೆಲ್ಲಲಾಕ ಹೋದಾಗ ನಾನೂ ಮುಗಲ ನೋಡೀನಿ. ಎರಡೋ ಮೂರೋ ಇದ್ವು. ಅದು ನನ್ನ ವಿಭೂತಿ."

ನಾನು ಒರೆಸುವ ಅರಿವೆ ಕೆಳಗಿಟ್ಟು ಅವಳ ಕಡೆ ತಿರುಗಿದೆ.

"ಮೂರೂ ತಬಕಿಗಿ ನಾನೇ ಹಾಕಿದ್ದೆ. ಗಿರಾಣ ಬಿಟ್ಟ ಮ್ಯಾಲ ನಾನೇ ಚೆಲ್ಲಿ ತಿಕ್ಕಿ ಇಟ್ಟಿದ್ದೆ. ಮರುದಿನ ತೊಳದಿದ್ರ ವಿಭೂತಿ ಎಲ್ಲಿಂದ ಹತ್ತತಿತ್ತು? ಗಿರಾಣದಾಗೇ ತೊಳದಾರ. ಶಾಂತ್ಯಾ ಹಿತ್ತಲದಾಗಿದ್ದ. ಒಳಗ ಇದ್ದಾಕಿ ಯಾರು? ನೀನರೆ ಎಷ್ಟು ಸಲ ಒಂದಕ್ಕ ಹೋದಿ?"

"ಗೊತ್ತಿದ್ದೂ ನನಗ ಎಲ್ಲಾರ ಮುಂದ ಯಾಕ ಕೇಳ್ದಿ ಆಯಿ?"

"ಅಕಿ ಎದ್ದಿಲ್ಲಂತ ನಾ ಹೇಳಿದ್ರ, ಸೊಸಿ ಕಡಿ ಮಾತಾಡ್ತಾಳ ಅಂತಿದ್ಲು ನಿಮ್ಮತ್ತಿ. ಕೋಣ್ಯಾಗ ಇದ್ದಾಕಿ ಬಾಯಿಂದ ಬರಬೇಕಿತ್ತು."

"ನಾ ಖರೆ ಹೇಳಿಬಿಟ್ಟಿದ್ರ?"

ಆಯಿ ನಕ್ಕಳು. ಹಲ್ಲಿಲ್ಲದ ಬಾಯಿ.

"ಹೇಳೂ ಹುಡುಗಿ ಅವತ್ತೇ ಬಾಗಿಲದಾಗ ನಿಂತು ಕೂಗತಿತ್ತು. ನೀ ಎರಡು ತಿಂಗಳು ನನ್ನ ಮಾರಿ ನೋಡಿರಲಿಲ್ಲ. ನನಗ ಅಷ್ಟೂ ತಿಳೀಲಿಲ್ಲಂತ ತಿಳದೀದೇನು?"

ಫೋಟೋವನ್ನು ನನ್ನ ಕೈಯಿಂದ ತೆಗೆದುಕೊಂಡು, ಕಾಣದ ಕಣ್ಣಿಗೆ ಹತ್ತಿರ ಹಿಡಿದು, ಹೆಬ್ಬೆರಳಿನಿಂದ ಒಂದು ಸಲ ಗಾಜು ಸವರಿ ವಾಪಸು ಕೊಟ್ಟಳು.

"ತಗೋ, ತೂಗು ಹಾಕು. ಯಾರರೆ ಕೇಳಿದ್ರ ಚಿಕ್ಕಿ ಅಂತೇ ಹೇಳು."

ಆ ಫೋಟೋ ಈಗ ನನ್ನ ಮನೆಯ ಗೋಡೆಯ ಮೇಲೆ ಇದೆ. ಮಕ್ಕಳು ಕೇಳಿದರು, ಮೊಮ್ಮಕ್ಕಳು ಕೇಳಿದರು, ಎಲ್ಲರಿಗೂ ಚಿಕ್ಕಿ ಅಂತಲೇ ಹೇಳಿದ್ದೇನೆ.